ಮೂರು ಆಶ್ರಮಗಳು ಮತ್ತು ಕಾಕಾ ಮಾಡಿದ ತಪಾಸಣೆ

ನನ್ನ ಎರಡೂ ಮೊಣಕಾಲುಗಳನ್ನು ಬದಲಿಸಬೇಕೆಂದು ಡಾಕ್ಟರು ಹೇಳಿದ್ದನ್ನು ಮನೆಗೆ ಬಂದು ತಿಳಿಸಿದಾಗ ಕಾಕಾ ಕೇಳಿದ ಮೊದಲ ಪ್ರಶ್ನೆ ಇದು: "ಹಳೇವು ಕೈಯಾಗ ಕೊಡ್ತಾರೇನು?"

"ಅವನ್ನ ತಗೊಂಡು ಏನ್ ಮಾಡ್ತೀರಿ?" ಎಂದೆ.

"ಯಾವ ಬಾಜೂ ಸವದೈತಿ ನೋಡಬೇಕಲ್ಲವಾ. ಸವದದ್ದು ನೋಡಿದ್ರ ತಪ್ಪು ಎಲ್ಲೈತಿ ಅಂತ ಗೊತ್ತಾಗತೈತಿ."

ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅದು ನನ್ನ ಎದುರಿಗೆ ಬೆತ್ತದ ಕುರ್ಚಿಯಲ್ಲಿ ಕುಳಿತು ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಿತ್ತು.

ಕಾಕಾ ಎಂದರೆ ನನ್ನ ಗಂಡನ ಕಾಕಾ, ಚಿಕ್ಕಪ್ಪ. ನಾನು ಮದುವೆಯಾಗಿ ಧಾರವಾಡದಿಂದ ನಾಗಪುರಕ್ಕೆ ಬಂದಾಗ ಗಂಡ, ಅತ್ತೆ ಇವರ ಜೊತೆಗೆ ಮನೆಯಲ್ಲಿ ಸಿಕ್ಕ ಮೂರನೆಯವರು. ಸರಕಾರಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ತಪಾಸಣೆಯ ಇನ್‌ಸ್ಪೆಕ್ಟರ್ ಆಗಿದ್ದರು. ಅತ್ತೆಯವರು ಹೋದರು. ನಾಲ್ಕು ವರ್ಷದ ಹಿಂದೆ ನನ್ನ ಗಂಡನೂ ಹೋದರು. ನಮಗೆ ಮಕ್ಕಳಿಲ್ಲ. ಕೊನೆಗೆ ಮನೀಶ್ ನಗರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಉಳಿದವರು ಅರವತ್ತೊಂದರ ನಾನು ಮತ್ತು ಎಂಬತ್ತನಾಲ್ಕರ ಕಾಕಾ. ನಮ್ಮಿಬ್ಬರ ನಡುವೆ ಒಂದು ಹನಿ ರಕ್ತದ ಸಂಬಂಧವೂ ಇಲ್ಲ.

ಗಂಡ ಹೋದ ಮೇಲೆ ಕಾಕಾ ಕುರ್ಚಿ ಹಿಡಿದರು. ಕುರ್ಚಿಯಿಂದ ಏಳಲು, ಹಾಸಿಗೆಯಿಂದ ಏಳಲು, ಕಮೋಡಿನಿಂದ ಏಳಲು ನನ್ನ ಕೈ ಬೇಕಾಯಿತು. ಅವರ ಮೊಣಕೈ ಕೆಳಗೆ ಕೈ ಕೊಟ್ಟು, ನನ್ನ ಮೊಣಕಾಲು ಬಗ್ಗಿಸಿ, "ಹೂಂ, ಏಳ್ರಿ" ಎಂದು ಎತ್ತುವುದು ದಿನಕ್ಕೆ ಹದಿನೈದು ಇಪ್ಪತ್ತು ಸಲ ನಡೆಯುತ್ತಿತ್ತು. ಮನೆಯಲ್ಲಿ ಭಾರ ಎತ್ತುತ್ತೀರಾ ಎಂದು ಡಾಕ್ಟರು ಕೇಳಿದಾಗ "ಅರವತ್ತೆರಡು ಕಿಲೋ" ಎಂದೆ. ಗ್ಯಾಸ್ ಸಿಲಿಂಡರಿನ ಮಾತು ಇರಬೇಕೆಂದು ಅವರು ತಲೆಯಾಡಿಸಿ, ಇನ್ನು ಮುಂದೆ ಅದನ್ನು ಮುಟ್ಟಲೇಬಾರದು, ಮುಟ್ಟಿದರೆ ಹೊಸ ಮೊಣಕಾಲೂ ಹೋಗುತ್ತವೆ ಎಂದರು. ಆಪರೇಷನ್ನಿಗೆ ಮೇ ತಿಂಗಳ ಕೊನೆಯ ವಾರ ಗೊತ್ತಾಯಿತು. ಅಷ್ಟರೊಳಗೆ ಆ ಸಿಲಿಂಡರಿಗೆ ಒಂದು ಜಾಗ ನೋಡಬೇಕಿತ್ತು.

ಮನೆಗೇ ಯಾರನ್ನಾದರೂ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಟ್ಟುಕೊಂಡಿದ್ದೆ. ಮೂವರು ಬಂದರು, ಮೂವರನ್ನೂ ಕಾಕಾ ಮೊದಲ ದಿನವೇ ವಾಪಸ್ ಕಳಿಸಿದರು. ಅದು ಅವರ ಸಿದ್ಧಾಂತ. ಕಾರ್ಖಾನೆಯಲ್ಲಿ ಮುಂದೆ ಬಂದ ಮಾಲನ್ನು ಮೊದಲ ಸಲಕ್ಕೆ ಅವರು ಎಂದೂ ಪಾಸ್ ಮಾಡಿದವರಲ್ಲ. ಏನಾದರೊಂದು ಕೊರತೆ ಹುಡುಕಿ ವಾಪಸ್ ಕಳಿಸಬೇಕು, ಸರಿಮಾಡಿ ತಂದ ಮೇಲೆ ನೋಡಬೇಕು. "ಮೊದಲನೇ ಸಲಾನ ಪಾಸ್ ಮಾಡಿದ್ರ ಮಾಡಿದಾಂವಗ ಸೊಕ್ಕು ಬರತೈತಿ" ಎನ್ನುತ್ತಿದ್ದರು. ನಾನು ಈ ಮನೆಯಲ್ಲಿ ಮಾಡಿದ ಮೊದಲ ಹೋಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೂರಣ ಒಂದು ಕಡೆಗೆ ಜಾರಿದೆ ಎಂದು ತಾಟಿನ ಅಂಚಿಗೆ ಸರಿಸಿದ್ದರು. ಮರುದಿನದ್ದನ್ನು ಐದು ತಿಂದರು. ಪ್ರಾಯದಲ್ಲಿ ಅವರಿಗೆ ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ನೋಡಿದ ಹುಡುಗಿಯರನ್ನೆಲ್ಲ ಮೊದಲ ಸಲ ಬೇಡವೆಂದು ಬಂದರು. ಎರಡನೆಯ ಸಲ ಸರಿಮಾಡಿ ತೋರಿಸುತ್ತೇವೆ ಎಂದು ಯಾವ ಹೆಣ್ಣಿನ ತಂದೆಯೂ ಬರಲಿಲ್ಲ. ಹಾಗಾಗಿ ಕಾಕಾ ಬ್ರಹ್ಮಚಾರಿಯಾಗಿ ಉಳಿದರು.

ಇಂಥವರ ಮುಂದೆ ವೃದ್ಧಾಶ್ರಮದ ಮಾತು ಹೇಗೆ ಎತ್ತಲಿ ಎಂದು ನಾನು ಒಂದು ವಾರ ನುಂಗುತ್ತ ಉಗುಳುತ್ತ ಇದ್ದೆ. ಕೊನೆಗೆ ಅವರೇ ಎತ್ತಿದರು. "ನಿನ್ನ ಆಪರೇಷನ್ ಆದ್ರ ನನ್ನ ಯಾರ ನೋಡ್ತಾರ? ಆಶ್ರಮ ನೋಡೂಣು ನಡಿ. ಈಗೇನ ಚಲೋ ಚಲೋ ಆಗ್ಯಾವಂತ." ನಾನು ಅಡುಗೆಮನೆಗೆ ಹೋಗಿ ಕುಕ್ಕರ್ ಸೀಟಿಯ ಮರೆಯಲ್ಲಿ ಅತ್ತೆ. ಭಾರ ಇಳಿಯಿತೆಂಬ ಸಮಾಧಾನಕ್ಕೂ ಅತ್ತೆ, ಸಮಾಧಾನವಾಯಿತಲ್ಲ ಎಂಬ ನಾಚಿಕೆಗೂ ಅತ್ತೆ. ಹೊರಗಿನಿಂದ ಅವರ ದನಿ ಬಂತು: "ಆದ್ರ ನಾ ಖುದ್ದ ನೋಡಿ ಪಾಸ್ ಮಾಡಬೇಕು ನೋಡವಾ." ಅಳು ಅಲ್ಲಿಗೇ ನಿಂತಿತು. ಅವರು ಪಾಸ್ ಮಾಡುವಷ್ಟರಲ್ಲಿ ನನ್ನ ಮೊಣಕಾಲು ಕಳಚಿ ಕೈಗೆ ಬರುತ್ತವೆ ಎನ್ನಿಸಿತು.

ಮೊದಲನೆಯದು ವರ್ಧಾ ರಸ್ತೆಯ ಆಚೆಗಿತ್ತು. ಏಪ್ರಿಲ್ ಬಿಸಿಲಿನಲ್ಲಿ ಕೊರಳಿಗೆ ಟೈ ಬಿಗಿದುಕೊಂಡ ಮ್ಯಾನೇಜರು ನಮ್ಮನ್ನು ಬಾಗಿಲಲ್ಲೇ ಎದುರುಗೊಂಡು, ಇದು ಆಶ್ರಮವಲ್ಲ, ಹಿರಿಯರ ಐಷಾರಾಮದ ವಸತಿ ಎಂದರು. ಈಜುಕೊಳವಿತ್ತು. ಅದರಲ್ಲಿ ನೀರಿನ ಬದಲು ತುಳಸಿ ಕುಂಡಗಳಿದ್ದವು. ಯಾರಾದರೂ ಬಿದ್ದಾರೆಂಬ ಭಯಕ್ಕೆ ನೀರು ತೆಗೆದಿದ್ದೇವೆ, ಆದರೆ ಸೌಕರ್ಯ ಸೌಕರ್ಯವೇ ಎಂದರು ಮ್ಯಾನೇಜರು. ಕಾಕಾ ತಮ್ಮ ಚೀಲದಿಂದ ಉಕ್ಕಿನ ಸ್ಕೇಲು, ಟಾರ್ಚು, ನೋಟ್‌ಬುಕ್ಕು, ಒಂದು ಗಾಜಿನ ಗೋಲಿ ತೆಗೆದರು. ಟಾರ್ಚು ಹಾಕಿ ಮಂಚದ ಅಡಿ ನೋಡಿದರು. ಬಚ್ಚಲಿನ ಹಿಡಿಕೆಗೆ ಜೋತುಬಿದ್ದು ಜಗ್ಗಿದರು. ಆಮೇಲೆ ನೆಲ ಓರೆಯಾಗಿದೆ ಎಂದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಕಾಕಾ ಗೋಲಿಯನ್ನು ಕೋಣೆಯ ನಡುವೆ ಇಟ್ಟರು. ಅದು ಒಂದು ಕ್ಷಣ ಯೋಚಿಸಿ, ಹೊರಟು, ಹೊಸ್ತಿಲು ದಾಟಿ, ಕಾರಿಡಾರಿನಲ್ಲಿ ಉರುಳುತ್ತ ಹೋಗಿ ಈಜುಕೊಳದಲ್ಲಿ ಬಿತ್ತು. ಮ್ಯಾನೇಜರು ಅದನ್ನು ತುಳಸಿ ಕುಂಡಗಳ ನಡುವಿನಿಂದ ಹೆಕ್ಕಿ ತರುವಷ್ಟರಲ್ಲಿ ಎಲ್ಲೋ ಗಂಟೆ ಹೊಡೆಯಿತು. ಆ ಕೂಡಲೇ ಎಲ್ಲ ಕೋಣೆಗಳಿಂದ ಮುದುಕರು ಹೊರಬಂದು ಸಾಲಾಗಿ ನಿಂತು ಕೈ ಮೇಲೆತ್ತಿ ಹಹ್ಹಹ್ಹಾ ಎಂದು ನಗತೊಡಗಿದರು. ನಾಲ್ಕೂವರೆಗೆ ನಗೆಯ ತರಗತಿ ಅಂತೆ. ಕಾಕಾ ಸಾಲಿನ ಕೊನೆಯಲ್ಲಿದ್ದ ಒಬ್ಬರ ಹತ್ತಿರ ಹೋಗಿ ಯಾಕೆ ನಗುತ್ತಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದರು. ಅವರು ನಗು ನಿಲ್ಲಿಸದೆಯೇ "ಬೆಲ್ ವಾಜಲೀ ನಾ" ಎಂದರು. ಬೆಲ್ ಆಯಿತಲ್ಲ, ಅದಕ್ಕೆ.

"ನಾಪಾಸ್," ಎಂದರು ಕಾಕಾ, ಆಟೋದಲ್ಲಿ ಕೂತ ಮೇಲೆ. ಅವರನ್ನು ಆಟೋದೊಳಗೆ ಹತ್ತಿಸಿದ್ದು ನಾನೇ, ಬಲಗಾಲು ಅಳುತ್ತಿದ್ದರೂ.

ಎರಡನೆಯದು ಹಿಂಗಣಾದಲ್ಲಿ, ಕಾರ್ಖಾನೆಗಳ ಶಿಫ್ಟ್ ಬಿಡುವ ರಸ್ತೆಗೆ ಹತ್ತಿರ. ಅದು ಮೊದಲು ಮದುವೆಯ ಮಂಗಲ ಕಾರ್ಯಾಲಯವಾಗಿತ್ತು. ಮಾಲಕರಿಗೆ ಮದುವೆಗಿಂತ ಮುಪ್ಪು ಖಾತ್ರಿಯಾದ ವ್ಯವಹಾರ ಎಂದು ಹೊಳೆದು ಬದಲಿಸಿದ್ದರು. ಬಾಗಿಲ ಮೇಲಿನ ಬಣ್ಣದ ಅಕ್ಷರ ಮಾತ್ರ ಅಳಿಸಿರಲಿಲ್ಲ. ಗಂಡಸರು ವರಪಕ್ಷ ಎಂದು ಬರೆದ ಕೋಣೆಗಳಲ್ಲಿದ್ದರು, ಹೆಂಗಸರು ವಧುಪಕ್ಷದಲ್ಲಿ. ವೇದಿಕೆಯ ಮೇಲೆ ಕೆಂಪು ಮಖಮಲ್ಲಿನ ಎರಡು ಸಿಂಹಾಸನಗಳು ಹಾಗೇ ಇದ್ದವು. ಒಂದರ ಮೇಲೆ ಡಾಕ್ಟರು ಕುಳಿತು, ಇನ್ನೊಂದರ ಮೇಲೆ ಪೇಶಂಟನ್ನು ಕೂಡಿಸಿ ಬಿಪಿ ನೋಡುತ್ತಿದ್ದರು. ವರಪಕ್ಷದವರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, ಲಗ್ನದ ದಿನಗಳಲ್ಲಿ ಮುಂದಿನ ಸಭಾಂಗಣವನ್ನು ಈಗಲೂ ಬಾಡಿಗೆಗೆ ಕೊಡುತ್ತಾರೆ, ಆಗ ನಮಗೂ ಜಿಲೇಬಿ ಊಟ ಇರುತ್ತದೆ, ಬಂದುಬಿಡಿ ಎಂದು ಗುಟ್ಟು ಹೇಳಿದರು. ನನಗೆ ಆ ಜಾಗ ಹಿಡಿಸಿತು. ಊಟ ಚೆನ್ನಾಗಿತ್ತು, ಏರ್‌ಕೂಲರುಗಳಿಗೆ ಸಮಯಕ್ಕೆ ನೀರು ತುಂಬುತ್ತಿದ್ದರು, ಜನ ಗಂಟೆಯಿಲ್ಲದೆಯೇ ನಗುತ್ತಿದ್ದರು.

ಕಾಕಾ ಮೆಟ್ಟಿಲುಗಳ ಎತ್ತರ ಅಳೆದರು. ಒಂದು ಆರು ಇಂಚು, ಮುಂದಿನದು ಏಳೂವರೆ. ಅಡುಗೆಮನೆಗೆ ಹೋಗಿ ಚಪಾತಿಯ ಒಟ್ಟಿನಿಂದ ಐದನೆಯದನ್ನೂ ಹತ್ತನೆಯದನ್ನೂ ಎಳೆದು ತೆಗೆದು ಅಡ್ಡ ಉದ್ದ ಅಳೆದರು. ಅಡುಗೆಯವಳು ಲಟ್ಟಣಿಗೆ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ನಾನು ಕಾಕಾ ಅವರ ತೋಳು ಹಿಡಿದು ಹೊರಗೆ ಕರೆತಂದೆ.

"ಒಳ್ಳೇದೈತಲ್ರಿ ಕಾಕಾ. ಮೆಟ್ಟಿಲಾ ಹತ್ತೋದ ಕೆಲಸಾನ ಇಲ್ಲ, ಕೋಣಿ ಕೆಳಗನ ಐತಿ."

"ಐತಿ. ಆದ್ರ ಮೊದಲನೇ ಸಲ ನೋಡಿದ್ದು."

ನನಗೆ ರೇಗಿತು. ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ರಸ್ತೆಯಲ್ಲೇ ಕೂಗಿದೆ. "ಎರಡನೇ ಸಲಾ ಯಾರ ಕರಕೊಂಡ ಬರ್ತಾರ? ನಾ ಹಾಸಿಗ್ಯಾಗ ಇರ್ತೀನಿ! ನೀವು ಕಮೋಡಿನ ಮ್ಯಾಲೆ ಕೂತ ಕರದ್ರ ಯಾರ ಬರಬೇಕು?" ಕಾಕಾ ನೋಟ್‌ಬುಕ್ಕು ಚೀಲದಲ್ಲಿಟ್ಟು, ಆಟೋದವನ ಕಡೆ ಕೈ ಮಾಡಿದರು. ಆಪರೇಷನ್ನಿಗೆ ಉಳಿದದ್ದು ಮೂರು ವಾರ.

ಮೂರನೆಯದು ಉಮರೇಡ್ ರಸ್ತೆಯಲ್ಲಿತ್ತು. ಕಲ್ಲಿದ್ದಲ ಲಾರಿಗಳ ಧೂಳು ದಾಟಿ ಒಳಗೆ ಹೋದರೆ ಬೇವಿನ ಮರಗಳು, ಬಿಳಿ ಕಟ್ಟಡ. ನೋಡಿಕೊಳ್ಳುವವರು ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದ ಹೆಂಗಸು. ಕಾಕಾ ಚೀಲಕ್ಕೆ ಕೈ ಹಾಕಿ ಗೋಲಿ ತೆಗೆದದ್ದೇ ತಡ, ಆಕೆ ಮರಾಠಿಯಲ್ಲಿ, ಅದನ್ನು ಒಳಗಿಡಿ, ಮೊದಲು ನಾವು ನಿಮ್ಮನ್ನು ನೋಡುತ್ತೇವೆ, ಆಮೇಲೆ ನೀವು ನಮ್ಮನ್ನು ನೋಡಿ ಎಂದರು. ಎಂಬತ್ತನಾಲ್ಕು ವರ್ಷದಲ್ಲಿ ಕಾಕಾ ಅವರಿಗೆ ಹೀಗೆ ಯಾರೂ ಹೇಳಿರಲಿಲ್ಲ. ಅವರು ಗೋಲಿಯನ್ನು ಒಳಗಿಟ್ಟರು.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಇವತ್ತು ಯಾವ ವಾರ ಎಂದು ಕೇಳಿದರು, ಕಾಕಾ ವಾರದ ಜೊತೆಗೆ ತಿಥಿಯನ್ನೂ ಹೇಳಿದರು. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವ ಗಡಿಯಾರ ಬರೆಯಿರಿ ಎಂದು ಹಾಳೆ ಕೊಟ್ಟರು. ಕಾಕಾ ಕೈವಾರ ಕೇಳಿದರು. ಇಲ್ಲ ಎಂದಾಗ ಒಂದು ಬಟ್ಟಲು ಬೋರಲು ಹಾಕಿಸಿಕೊಂಡು ಅದರ ಸುತ್ತ ಗೆರೆ ಎಳೆದು, ನಿಮಿಷದ ಅರವತ್ತು ಗೀಟುಗಳನ್ನೂ ಹಾಕಿ, ನಿಮ್ಮ ಹಾಳೆಯ ಮೂಲೆ ತೊಂಬತ್ತು ಡಿಗ್ರಿ ಇಲ್ಲ ಎಂದು ತಿಳಿಸಿದರು. ಆಕೆ ನಗಲೂ ಇಲ್ಲ, ಹೊಗಳಲೂ ಇಲ್ಲ. ಗುರುತು ಹಾಕಿಕೊಂಡು, ಈಗ ಕುರ್ಚಿಯಿಂದ ಕೈ ಹಚ್ಚದೆ ಐದು ಸಲ ಎದ್ದು ಕೂಡಿ ಎಂದರು.

ಕಾಕಾ ಮುಂದಕ್ಕೆ ಬಾಗಿದರು. ನಾನು ಹೋಗಿ ಮೊಣಕೈ ಕೆಳಗೆ ಕೈ ಕೊಟ್ಟು ಎಬ್ಬಿಸಿದೆ.

"ಮೌಶಿ, ನೀವಲ್ಲ," ಎಂದರು ಆಕೆ, ಚಿಕ್ಕಮ್ಮ ಎಂದು ಕರೆಯುವ ಮರಾಠಿ ರೀತಿಯಲ್ಲಿ.

ನಾನು ಹಿಂದೆ ಸರಿದು ನಿಂತೆ. ಕಾಕಾ ಮತ್ತೆ ಬಾಗಿದರು. ನನ್ನ ಕೈ ಮತ್ತೆ ಹೋಯಿತು. ಆಕೆ ನನ್ನನ್ನು ಕೋಣೆಯ ಇನ್ನೊಂದು ಮೂಲೆಗೆ ಕಳಿಸಿದರು. ಮೂರನೆಯ ಸಲ ನಾನು ಅಷ್ಟು ದೂರದಿಂದ ಹೇಗೆ ಬಂದೆನೋ ದೇವರಿಗೇ ಗೊತ್ತು. ನೋಡಿದರೆ ಕಾಕಾ ನಿಂತಿದ್ದಾರೆ, ನನ್ನ ಕೈ ಅವರ ಮೊಣಕೈ ಕೆಳಗಿದೆ. ಹೆಡ್ ನರ್ಸ್ ಪೆನ್ನು ಕೆಳಗಿಟ್ಟರು. ನಮ್ಮಲ್ಲಿ ಖಾಲಿ ಇರುವುದು ತಾವೇ ಎದ್ದು ಓಡಾಡುವವರ ಮಹಡಿ, ಎತ್ತಿ ಕೂಡಿಸಬೇಕಾದವರ ಮಹಡಿ ತುಂಬಿದೆ, ತೆಗೆದುಕೊಳ್ಳಲಾಗುವುದಿಲ್ಲ ಎಂದರು. ಬೇಕಿದ್ದರೆ ಹತ್ತು ದಿನ ಬಿಟ್ಟು ಇನ್ನೊಮ್ಮೆ ಕರೆದುಕೊಂಡು ಬನ್ನಿ ಎಂದೂ ಸೇರಿಸಿದರು.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕಾಕಾ ಅವರ ಮುಖ ನೋಡಿದರೆ ಹಬ್ಬದ ಕಳೆ. ಆಟೋದಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿದರು. "ನೋಡಿದೇನವಾ? ಮೊದಲನೇ ಸಲಕ್ಕ ವಾಪಸ್ ಕಳಿಸಿದ್ಲು! ಗಡಿಯಾರ ಅಷ್ಟ ಚಂದ ತಗದ್ರೂ ಮರುಳಾಗಲಿಲ್ಲ. ಬರೋಬರ್ ಮಾಡಿದ್ಲು. ನನಗ ಇದ ಆಶ್ರಮಾನ ಬೇಕು." ಅಂದರೆ, ನೋಡಿದ ಮೂರರಲ್ಲಿ ಅವರನ್ನು ಬೇಡವೆಂದ ಒಂದೇ ಜಾಗ ಅವರಿಗೆ ಪಾಸಾಗಿತ್ತು. ಹಣೆ ಚಚ್ಚಿಕೊಳ್ಳಲು ಆಟೋದಲ್ಲಿ ಸರಿಯಾದ ಗೋಡೆಯೂ ಇರಲಿಲ್ಲ.

ಆ ಹತ್ತು ದಿನ ಮನೆಯಲ್ಲಿ ನಡೆದದ್ದು ಅವರ ಅಭ್ಯಾಸವಲ್ಲ, ನನ್ನದು. ಅವರು ಏಳಲು ಬಾಗಿದಾಗ ಕೈ ಚಾಚಬಾರದು. ಮೊದಲು ಕೈ ಹಿಂದೆ ಕಟ್ಟಿಕೊಂಡು ನೋಡಿದೆ, ಬಿಚ್ಚಿಕೊಂಡು ಹೋಗುತ್ತಿದ್ದವು. ಆಮೇಲೆ ಅವರ ಹತ್ತಿರ ಹೋಗುವಾಗಲೆಲ್ಲ ಎರಡೂ ಕೈಯಲ್ಲಿ ಏನಾದರೂ ಹಿಡಿದುಕೊಂಡೆ, ಒಂದರಲ್ಲಿ ಲಟ್ಟಣಿಗೆ, ಒಂದರಲ್ಲಿ ಹಿಟ್ಟು ನಾದುವ ಪರಾತ. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನನ್ನನ್ನು ನೋಡುವರು. ನಾನು ಯುದ್ಧಕ್ಕೆ ಹೊರಟವಳ ಹಾಗೆ ಎದುರಿಗೆ ನಿಂತಿರುವೆ. ಹೀಗೆ ಹತ್ತು ನಿಮಿಷ. "ಏಳ್ರಿ ಕಾಕಾ, ನೀವಽ ಏಳ್ರಿ" ಎಂದರೆ "ಹೂಂ, ಏಳ್ತೀನಿ" ಎನ್ನುವರು, ಏಳುತ್ತಿರಲಿಲ್ಲ. ಅನ್ನ ಆರುತ್ತಿತ್ತು. ಕೊನೆಗೆ ನಾನೇ ಸೋತು ಲಟ್ಟಣಿಗೆ ಕೆಳಗಿಟ್ಟು ಎತ್ತುತ್ತಿದ್ದೆ. ಹತ್ತನೆಯ ದಿನ ಉಮರೇಡ್ ರಸ್ತೆಗೆ ಹೊರಟಾಗ ನನಗೆ ಆಸೆಯೇ ಉಳಿದಿರಲಿಲ್ಲ. ಆಪರೇಷನ್ ಮುಂದಕ್ಕೆ ಹಾಕಲು ಆಸ್ಪತ್ರೆಯವರಿಗೆ ಏನು ಹೇಳಬೇಕೆಂದು ಲೆಕ್ಕ ಹಾಕುತ್ತ ಕುಳಿತಿದ್ದೆ.

ಹೆಡ್ ನರ್ಸ್ ಈ ಸಲ ಜಾಣತನ ಮಾಡಿದರು. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ ಬಾಗಿಲು ಹಾಕಿಕೊಂಡರು. ಬಾಗಿಲಿನಲ್ಲಿ ಒಂದು ಚೌಕಾದ ಗಾಜು ಇತ್ತು. ಬೆಂಚು ಬಿಟ್ಟು ಏಳಲು ನನಗೆ ಗೋಡೆ, ಕಿಟಕಿ, ಹೂಕುಂಡ ಮೂರೂ ಬೇಕಾದವು. ಹೇಗೋ ಎದ್ದು ಗಾಜಿಗೆ ಮುಖ ಹಚ್ಚಿದೆ.

ಕಾಕಾ ಎರಡೂ ಕೈಗಳನ್ನು ಎದೆಗೆ ಅಡ್ಡ ಕಟ್ಟಿಕೊಂಡು ಕುರ್ಚಿಯಿಂದ ಎದ್ದರು. ಕೂತರು. ಎದ್ದರು. ನಡುವೆ ಆಕೆ ಏನೋ ಬರೆಯುತ್ತಿದ್ದುದರಿಂದ ನೋಡಲಿಲ್ಲವೇನೋ ಎಂದು ಅನುಮಾನ ಬಂದು ಒಂದು ಸಲ ಹೆಚ್ಚಿಗೆಯೇ ಎದ್ದರು. ಮುಖದಲ್ಲಿ ತಿಣುಕಿಲ್ಲ, ಕಾಲಲ್ಲಿ ನಡುಕವಿಲ್ಲ. ಆರು ಸಲ. ನಾನು ಗಾಜಿನ ಈಚೆ ಮೊದಲು ದೇವರಿಗೆ ಕೈ ಮುಗಿದೆ. ಮುಗಿದ ಕೈ ಇಳಿಸುವುದರೊಳಗೆ ಮೈ ಉರಿಯತೊಡಗಿತು.

ಮುಂದಿನ ಸೋಮವಾರ ಬಂದುಬಿಡಲಿ, ಪೂರ್ವದ ಕಡೆಯ ಕೋಣೆ ಎಂದು ಹೆಡ್ ನರ್ಸ್ ಹೇಳಿದರು. ಎಲ್ಲ ಸಹಿ ಮುಗಿಸಿ ಹೊರಬಂದು ಆಟೋ ಹತ್ತಿದೆವು. ಲಾರಿಗಳ ಸಾಲು ದಾಟುವವರೆಗೆ ನಾನು ಬಾಯಿ ಕಟ್ಟಿಕೊಂಡಿದ್ದೆ.

"ಕಾಕಾ, ನಿಮಗ ಏಳಲಿಕ್ಕೆ ಬರತೈತಿ."

"ಬರತೈತಿ."

"ಯಾವಾಗಿಂದ?"

"ಬರಲಾರದ ಏನಾಗಿತ್ತು?"

"ಹಂಗಾದ್ರ ನಾಲ್ಕ ವರ್ಷ ನನ್ನ ಕೈಲೆ ಯಾಕ ಎಬ್ಬಿಸಿಕೊಂಡ್ರಿ? ನನ್ನ ಮೊಣಕಾಲ ಹೋದುವಲ್ರಿ! ಎರಡೂ ಹೋದುವಲ್ರಿ!"

ಕಾಕಾ ಕಾರ್ಖಾನೆಯ ರಿಪೋರ್ಟು ಓದುವ ದನಿಯಲ್ಲೇ ಹೇಳಿದರು. "ಅಂವ ಹೋದ ಮ್ಯಾಲೆ ನೀ ಗ್ವಾಡಿ ನೋಡಕೋತ ಕೂಡತಿದ್ದಿ. ಉಣ್ಣತಿದ್ದಿಲ್ಲ, ಮಾತಾಡತಿದ್ದಿಲ್ಲ. ಒಂದಿನ ನಾ ಏಳೋವಾಗ ಜೋಲಿ ಹೋತು. ನೀ ಓಡಿ ಬಂದ ಹಿಡದಿ, ಬೈದಿ, ಅವತ್ತ ಎರಡ ಚಪಾತಿ ತಿಂದಿ. ಮರುದಿನ ಮತ್ತ ಕೈ ಚಾಚಿದಿ. ಬ್ಯಾಡ ಅಂತ ಹೆಂಗ ಅನಬೇಕವಾ?" ಮುಂದುವರಿಸಿ, "ಮೊಣಕಾಲಿಂದ ನನ್ನ ಲಕ್ಷ್ಯಕ್ಕ ಬರಲಿಲ್ಲ. ಗೊತ್ತಾದ ಮ್ಯಾಲೂ ನಿನ್ನ ಕೈ ಬಿಡಿಸಲಿಕ್ಕ ಮನಸ್ಸಾಗಲಿಲ್ಲ. ಅದ ನನ್ನ ತಪ್ಪು" ಎಂದರು.

ಆ ಮನುಷ್ಯ ತಮ್ಮ ತಪ್ಪು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಟೋದಲ್ಲಿ ಕುಕ್ಕರ್ ಸೀಟಿ ಇರಲಿಲ್ಲ. ನಾನು ದೊಡ್ಡ ದನಿಯಲ್ಲೇ ಅತ್ತೆ. ಆಟೋದವನು ಗಾಬರಿಯಾಗಿ ವೇಗ ತಗ್ಗಿಸಿ, ಏನಾಯಿತು ಮೌಶಿ, ಆಸ್ಪತ್ರೆಗೆ ತಿರುಗಿಸಲೇ ಎಂದು ಹಿಂದಿಯಲ್ಲಿ ಕೇಳಿದ.

"ಕುಛ್ ನಹೀ," ಎಂದರು ಕಾಕಾ. "ಮೈ ಪಾಸ್ ಹೋ ಗಯಾ." ಏನಿಲ್ಲ, ನಾನು ಪಾಸಾದೆ.

ಆಟೋದವನು ಕನ್ನಡಿಯಲ್ಲಿ ಅವರ ಬಿಳಿ ತಲೆಯನ್ನು ನೋಡಿದ. "ಅಚ್ಛಾ ಹೈ ಕಾಕಾ. ಕೌನ್ಸಾ ಪೇಪರ್ ಥಾ?" ಯಾವ ವಿಷಯದ ಪರೀಕ್ಷೆ ಎಂದು.

"ಉಠನೇ ಕಾ," ಎಂದರು ಕಾಕಾ, ಎದ್ದು ನಿಲ್ಲುವ ಪರೀಕ್ಷೆ. ಅವನು ಅಭಿನಂದನೆ ಹೇಳಿ ಮತ್ತೆ ವೇಗ ಹೆಚ್ಚಿಸಿದ. ಮನೀಶ್ ನಗರ ಬರುವವರೆಗೂ ಕಾಕಾ ಸೋಮವಾರದ ಮಾತೇ ಆಡಿದರು. ಎಷ್ಟು ಧೋತರ ಇಡಬೇಕು, ಬೆತ್ತದ ಕುರ್ಚಿ ಯಾರಿಗೆ ಕೊಡಬೇಕು, ಮನೆಯ ಕೂಲರಿನ ನೀರನ್ನು ನನ್ನ ಬದಲು ಯಾರ ಕೈಯಿಂದ ತುಂಬಿಸಬೇಕು ಎಂದು ಒಂದೊಂದಾಗಿ ಹೇಳಿದರು. ಸೋಮವಾರದಿಂದ ನನ್ನ ಕೈಗಳು ಏನು ಮಾಡಬೇಕು ಎಂಬುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.